ಹಡಗಿನ ಷರತ್ತು, ಕ್ಯಾಮೆರಾದ ವಿಮೆ

ಕ್ಯಾಮೆರಾಕ್ಕೆ ವಿಮೆ ಮಾಡಿಸಿದವರು ಸಾಮಾನ್ಯವಾಗಿ ನಂಬಿರುವುದು ಇಷ್ಟೇ: ಏನಾದರೂ ಆದರೆ ಹಣ ಬರುತ್ತದೆ. ಆದರೆ ಈ ‘ಏನಾದರೂ’ ಎಂಬ ಪದವನ್ನು ವಿಮೆಯವರು ಒಪ್ಪುವುದಿಲ್ಲ. ಕಳವಾದರೆ ಒಂದು ಲೆಕ್ಕ, ಕೈಜಾರಿ ಬಿದ್ದರೆ ಇನ್ನೊಂದು ಲೆಕ್ಕ, ಶಟರ್ ತಾನಾಗಿ ಕೆಟ್ಟು ನಿಂತರೆ ಬೇರೆಯದೇ ಲೆಕ್ಕ. ಸಾಲ ಮಾಡಿ ಕ್ಯಾಮೆರಾ ಕೊಂಡ ಮದುವೆ ಛಾಯಾಗ್ರಾಹಕನಿಗೆ ಮೂರರ ಫಲವೂ ಒಂದೇ. ನಾಳೆ ಬೆಳಗಿನ ಮುಹೂರ್ತಕ್ಕೆ ಕೈ ಖಾಲಿ. ಹಾಗಿದ್ದೂ ವಿಮೆಯಲ್ಲಿ ಈ ಭೇದವೇಕೆ? ಈ ಮೂರು ನಷ್ಟಗಳು ಮೂರು ಬೇರೆ ಬೇರೆ ಮನೆತನಗಳಿಂದ ಬಂದವು ಎಂಬುದೇ ಇದಕ್ಕೆ ಉತ್ತರ.

ಮೊದಲನೆಯದು ಹಡಗಿನ ಮನೆತನ. 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬುವರ ಕಾಫಿ ಅಂಗಡಿಯಲ್ಲಿ ವರ್ತಕರೂ ಹಡಗಿನ ಒಡೆಯರೂ ಸೇರುತ್ತಿದ್ದರು. ಅಲ್ಲಿ ಕುದುರಿದ ವ್ಯವಹಾರವೇ ಮುಂದೆ ಲಾಯ್ಡ್ಸ್ ಎಂಬ ವಿಮಾ ಮಾರುಕಟ್ಟೆಯಾಯಿತು. ಬಿರುಗಾಳಿ, ಬೆಂಕಿ, ಕಡಲ್ಗಳ್ಳರು ಇವುಗಳಿಂದ ಆಗುವ ನಷ್ಟಕ್ಕೆ ಅಲ್ಲಿ ಭರವಸೆ ಸಿಗುತ್ತಿತ್ತು. ಹಳತಾಗಿ ಸವೆಯುವ ಹಾಯಿಗೆ, ತಾನಾಗಿ ಕೊಳೆಯುವ ಹಣ್ಣಿಗೆ ಸಿಗುತ್ತಿರಲಿಲ್ಲ. ಬರಬಹುದಾದ ಆಪತ್ತಿಗೆ ವಿಮೆ, ಬಂದೇ ಬರುವ ಸವಕಳಿಗೆ ಇಲ್ಲ ಎಂಬುದು ಅಲ್ಲಿನ ತರ್ಕ. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆ ಇದನ್ನೇ ಬರೆದಿಟ್ಟಿತು. ಅದರ ಮಾದರಿಯಲ್ಲಿ ಬಂದ ಭಾರತದ 1963ರ ಕಾಯ್ದೆಯ 55ನೇ ಕಲಮಿನಲ್ಲಿಯೂ ಮಾಮೂಲಿ ಸವಕಳಿ, ಮಾಮೂಲಿ ಸೋರಿಕೆ ಮತ್ತು ಒಡಕು, ವಸ್ತುವಿನ ಹುಟ್ಟುದೋಷ, ಕೊನೆಗೆ ಇಲಿ ಹೆಗ್ಗಣಗಳ ಹಾವಳಿ ಕೂಡ ವಿಮೆಯಿಂದ ಹೊರಗೆ.

ಎರಡನೆಯದು ಕಳವಿನ ವಿಮೆ. 1880ರ ದಶಕದಲ್ಲಿ ಲಾಯ್ಡ್ಸ್‌ನ ಕತ್‌ಬರ್ಟ್ ಹೀತ್ ಅವರನ್ನು ಗಿರಾಕಿಯೊಬ್ಬರು ಬೆಂಕಿಯ ಜತೆಗೆ ಕನ್ನಗಳವನ್ನೂ ಸೇರಿಸಬಹುದೇ ಎಂದು ಕೇಳಿದರಂತೆ. ಯಾಕಾಗಬಾರದು ಎಂದರಂತೆ ಹೀತ್. ಇವರಿಗೆ ಕಿವಿ ಮಂದ. ಆದರೆ ಗಿರಾಕಿಯ ಅಗತ್ಯ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು ಎನ್ನಬೇಕು! ಊರೂರು ಸುತ್ತುವ ಆಭರಣ ವ್ಯಾಪಾರಿಗಳ ಮಾಲಿಗೆ ಅದು ಎಲ್ಲೇ ಇರಲಿ ರಕ್ಷಣೆ ಕೊಡುವ ಪಾಲಿಸಿಯೂ ಅವರದೇ ಕಲ್ಪನೆ.

ಕ್ಯಾಮೆರಾಕ್ಕೆ ಬೇಕಾಗಿದ್ದುದೂ ಇದೇ. ಸ್ಟುಡಿಯೋದಲ್ಲಿ ಮುಕ್ಕಾಲಿಯ ಮೇಲೆ ನಿಂತಿದ್ದ ಕಾಲದಲ್ಲಿ ಕಟ್ಟಡದ ಬೆಂಕಿ ವಿಮೆಯೇ ಅದಕ್ಕೂ ಒದಗುತ್ತಿತ್ತು. 1888ರಲ್ಲಿ ಕೊಡಕ್, 1925ರಲ್ಲಿ ಲೈಕಾ ಬಂದ ಮೇಲೆ ಅದು ಒಡೆಯನ ಹೆಗಲೇರಿ ಅಲೆಯತೊಡಗಿತು. ಹೀಗೆ ಅಲೆಯುವ ವಸ್ತುಗಳನ್ನು ಯಾವ ಇಲಾಖೆಗೆ ಸೇರಿಸುವುದು? ಅಮೆರಿಕದಲ್ಲಿ 1933ರಲ್ಲಿ ಸಾಗರ ವಿಮೆಯ ವ್ಯಾಪ್ತಿಯನ್ನು ನಿರೂಪಿಸಿದಾಗ ಅವನ್ನೂ ಅದರೊಳಗೇ ಸೇರಿಸಿದರು. ಸಮುದ್ರವನ್ನೇ ಕಾಣದ ಕ್ಯಾಮೆರಾ ಅಲ್ಲಿ ಇಂದಿಗೂ ‘ಒಳನಾಡು ಸಾಗರ ವಿಮೆ’ಯ ಗಿರಾಕಿ.

ಕೆಟ್ಟು ನಿಲ್ಲುವುದಕ್ಕೆ ಕೊಡುವ ವಿಮೆಯ ಮೂಲ ಉಗಿಯಂತ್ರ. ಬಾಯ್ಲರುಗಳು ಸಿಡಿದು ಕಾರ್ಮಿಕರು ಸಾಯುತ್ತಿದ್ದಾಗ, ಅದನ್ನು ತಡೆಯಲೆಂದು 1854ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘವೊಂದು ಹುಟ್ಟಿತು. 1866ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಬಾಯ್ಲರ್ ತಪಾಸಣೆ ಮತ್ತು ವಿಮೆಯ ಕಂಪನಿ ಬಂತು. 1900ರಲ್ಲಿ ಜರ್ಮನಿಯಲ್ಲಿ ಯಂತ್ರ ವೈಫಲ್ಯಕ್ಕೇ ವಿಮೆ ಶುರುವಾಯಿತು. ‘ತಪಾಸಣೆ’ ಎಂಬ ಪದವನ್ನು ಗಮನಿಸಿ. ಎಂಜಿನಿಯರ್ ಬಂದು ಯಂತ್ರವನ್ನು ತಟ್ಟಿ ನೋಡಿದ ಮೇಲೆ ಧೈರ್ಯವಾಗಿ ಹಣ ಹೂಡಬಹುದು. ಆದರೆ ಊರೂರಿನ ಕ್ಯಾಮೆರಾಗಳ ಹೊಟ್ಟೆ ಬಿಚ್ಚಿ ನೋಡುವವರಾರು? ಕ್ಯಾಮೆರಾದ ಪಾಲಿಸಿ ಈ ಮನೆತನದಿಂದ ದೂರವೇ ಉಳಿಯಲು ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಭಾರತಕ್ಕೆ ಸಾಮಾನ್ಯ ವಿಮೆ ಬಂದದ್ದು ಬ್ರಿಟಿಷರ ಜತೆ. 1850ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ಕಂಪನಿ ಆರಂಭವಾಯಿತು. 1973ರ ಜನವರಿ 1ರಿಂದ 107 ಕಂಪನಿಗಳು ರಾಷ್ಟ್ರೀಕರಣಗೊಂಡು ನಾಲ್ಕಾದವು; 2000ದಿಂದ ಖಾಸಗಿಯವರಿಗೂ ಬಾಗಿಲು ತೆರೆಯಿತು. ಆದರೆ ಷರತ್ತುಗಳ ಭಾಷೆ ಅಷ್ಟು ಬೇಗ ಬದಲಾಗುವಂಥದ್ದಲ್ಲ.

ನಮ್ಮಲ್ಲಿ ಕ್ಯಾಮೆರಾಕ್ಕೆ ಸಿಗುವುದು ಹೆಚ್ಚಾಗಿ ‘ಆಲ್ ರಿಸ್ಕ್’ ಪಾಲಿಸಿ. ಹೆಸರೇನೋ ‘ಎಲ್ಲ ಅಪಾಯ’. ಒಳಗೆ ಓದಿದರೆ ಹಡಗಿನ ವಾಸನೆ. ಸವಕಳಿ ಇಲ್ಲ, ಯಂತ್ರದ ಅಥವಾ ವಿದ್ಯುತ್ತಿನ ವೈಫಲ್ಯ ಇಲ್ಲ, ನಿಧಾನವಾಗಿ ಆಗುವ ಹಾಳು ಇಲ್ಲ. ಅಂದರೆ ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಹಬ್ಬುವ ಫಂಗಸ್ಸಿಗೂ ಪರಿಹಾರವಿಲ್ಲ. ಇನ್ನೂ ಸೋಜಿಗದ್ದು ಗಾಜಿನ ಷರತ್ತು. ಹಲವು ಪಾಲಿಸಿಗಳ ಮಾದರಿ ಒಕ್ಕಣೆಯಂತೆ, ಲೆನ್ಸ್ ಬಿರುಕು ಬಿಟ್ಟರೆ, ಗೀರಿದರೆ, ಒಡೆದರೆ ಹಣವಿಲ್ಲ. ಅದನ್ನು ಒಯ್ಯುತ್ತಿದ್ದ ರೈಲು, ಹಡಗು, ವಿಮಾನ ಅಥವಾ ವಾಹನಕ್ಕೇ ಅಪಘಾತವಾಗಿರಬೇಕು! ಅದೇ ಸಾಲಿನಲ್ಲಿ ಪಿಂಗಾಣಿ, ಅಮೃತಶಿಲೆ, ಗ್ರಾಮಫೋನ್ ತಟ್ಟೆಗಳೂ ಬರುತ್ತವೆ. ಛಾಯಾಗ್ರಾಹಕನಿಗೆ ಅನೇಕ ವೇಳೆ ಕ್ಯಾಮೆರಾಕ್ಕಿಂತ ಲೆನ್ಸೇ ದುಬಾರಿ ಎಂಬುದು ಈ ಸಾಲು ಬರೆದವರಿಗೆ ಹೊಳೆದಂತಿಲ್ಲ.

ವಾಹನದಿಂದ ಕಳವಾದರೆ ಮತ್ತೊಂದು ತೊಡಕು. ಎಲ್ಲ ಕಡೆ ಮುಚ್ಚಿದ, ಬಾಗಿಲು ಕಿಟಕಿಗಳಿಗೆಲ್ಲ ಭದ್ರವಾಗಿ ಬೀಗ ಹಾಕಿದ ಕಾರಿನಿಂದ ಕಳುವಾಗಿದ್ದರೆ ಮಾತ್ರ ಪರಿಹಾರ ಎಂಬ ಒಕ್ಕಣೆ ಈ ಪಾಲಿಸಿಗಳಲ್ಲಿ ಸಾಮಾನ್ಯ. ಬೈಕಿನಲ್ಲಿ ಛತ್ರಕ್ಕೆ ಹೋಗುವ, ಆಟೋ ಹಿಡಿದು ಊರು ಸೇರುವ ನಮ್ಮ ಹುಡುಗರು ಈ ವಾಕ್ಯದ ಯಾವ ಮೂಲೆಯಲ್ಲಿ ನಿಲ್ಲಬೇಕು?

ಕಂತು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಈ ಚರಿತ್ರೆಯಿಂದಲೇ ಸಿಗುತ್ತವೆ. ಲೆನ್ಸ್ ಒಳಗೋ ಹೊರಗೋ? ಬೈಕಿನಿಂದ ಕಳುವಾದರೆ ಏನು? ಬಾಡಿಗೆಗೆ ಫೋಟೊ ತೆಗೆಯುವ ಕೆಲಸ ನಮೂದಾಗಿದೆಯೇ? ಒಂದು ಲಕ್ಷದ ಕ್ಯಾಮೆರಾಕ್ಕೆ ಅರ್ಧ ಲಕ್ಷದ ವಿಮೆ ಮಾಡಿಸಿದರೆ ನಷ್ಟದಲ್ಲಿಯೂ ಅರ್ಧವೇ ಸಿಗಬಹುದು. ಇದೂ ಹಡಗಿನವರ ಪದ್ಧತಿಯೇ. ಕೆಟ್ಟು ನಿಲ್ಲುವುದಕ್ಕಾದರೆ ಮಾರಿದ ಅಂಗಡಿಯಲ್ಲಿ ವಾರಂಟಿ ವಿಸ್ತರಣೆ ಕೇಳಬೇಕು. ಅದರಲ್ಲಿ ಸಾಮಾನ್ಯವಾಗಿ ಕಳವು ಸೇರಿರುವುದಿಲ್ಲ.