ಕಚೇರಿಯ ಗೋಡೆಗೊಂದು ಜಿರಾಫೆ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಬೆಳುವಾಯಿಯಂತಹ ಊರುಗಳಲ್ಲಿ, ಅಂಗಡಿಯಾಗಲಿ, ಸಹಕಾರಿ ಸಂಘವಾಗಲಿ, ದಸ್ತಾವೇಜು ಬರೆಯುವವರ ಚಿಕ್ಕ ಕೋಣೆಯಾಗಲಿ, ಗೋಡೆಯು ಬರಿದಾಗಿರುವುದನ್ನು ನಮ್ಮ ಜನ ಎಂದೂ ಸಹಿಸಿದವರಲ್ಲ. ಯಜಮಾನರ ಕುರ್ಚಿಯ ಹಿಂದೆ ದೇವರ ಪಟ, ಅದಕ್ಕೆ ಮಿಣುಕುವ ದೀಪಗಳ ಮಾಲೆ, ಪಕ್ಕದಲ್ಲಿ ಗತಿಸಿದ ಹಿರಿಯರ ಭಾವಚಿತ್ರ, ಅದಕ್ಕೆ ಗಂಧದ ಹಾರ, ಎದುರಿನಲ್ಲಿ ಸಂಕಷ್ಟಿ ಏಕಾದಶಿಗಳನ್ನೂ ರಾಹುಕಾಲವನ್ನೂ ತಿಳಿಸುವ ಬ್ಯಾಂಕಿನ ಕ್ಯಾಲೆಂಡರು: ಇಷ್ಟಾದರೆ ಕಚೇರಿಯ ಗೋಡೆಯ ಮರ್ಯಾದೆಯು ಪೂರ್ಣವಾಯಿತೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಈಚೆಗೆ ಈ ಪರಿವಾರದೊಳಕ್ಕೆ ಆಫ್ರಿಕಾ ಖಂಡದ ಆನೆ, ಸಿಂಹ, ಜೀಬ್ರಾ, ಜಿರಾಫೆಗಳು ಅಚ್ಚಿನ ಚಿತ್ರಗಳ ರೂಪದಲ್ಲಿ ಪ್ರವೇಶವನ್ನು ಪಡೆದಿವೆ. ಬೆಳುವಾಯಿಯಲ್ಲಿ ಲೆಕ್ಕಪತ್ರದ ಚಿಕ್ಕ ಕಚೇರಿಯೊಂದನ್ನು ತೆರೆಯಲು ಹೊರಟ ಸ್ನೇಹಿತರೊಬ್ಬರು ಇಂತಹ ಚಿತ್ರಗಳನ್ನು ಆರಿಸಿಕೊಡುವಂತೆ ನನ್ನನ್ನು ಕೇಳಿ, “ಖರ್ಚು ಹೆಚ್ಚಾಗಬಾರದು ಮಾರಾಯ್ರೆ, ನೋಡಿದವರು ನಗಲೂಬಾರದು” ಎಂಬ ಎರಡು ಷರತ್ತುಗಳನ್ನು ವಿಧಿಸಿದರು. ಆಫ್ರಿಕಾದ ಮೃಗಕ್ಕೂ ನಮ್ಮ ಊರಿಗೂ ಏನು ನಂಟೆಂದು ಅಲ್ಲಿಯೇ ಕುಳಿತಿದ್ದ ಮತ್ತೊಬ್ಬರು ಆಕ್ಷೇಪಿಸಿದರು. ಆ ಆಕ್ಷೇಪವೇ ಈ ಬರಹಕ್ಕೆ ಕಾರಣ; ಏಕೆಂದರೆ ಆಫ್ರಿಕಾದ ಮೃಗವೊಂದು ಬೆಳುವಾಯಿಗೆ ನಾಲ್ಕೈದು ಮೈಲಿಗಳ ದೂರದಲ್ಲಿಯೇ ಐದು ಶತಮಾನಗಳಿಗೂ ಹೆಚ್ಚು ಕಾಲದಿಂದ ಬಿಡಾರ ಮಾಡಿಕೊಂಡಿದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು, ಅಂದರೆ 1430ರಲ್ಲಿ, ವಿಜಯನಗರದಲ್ಲಿ ಇಮ್ಮಡಿ ದೇವರಾಯನು ಆಳುತ್ತಿದ್ದ ಕಾಲದಲ್ಲಿ ನಿರ್ಮಿತವಾದ ತ್ರಿಭುವನತಿಲಕ ಚೂಡಾಮಣಿಯೆಂಬ ಚಂದ್ರನಾಥನ ಆಲಯವನ್ನು, ನೋಡದವರು ಈ ಸೀಮೆಯಲ್ಲಿ ವಿರಳ. ಆದರೆ ಬಂದವರೆಲ್ಲರ ದೃಷ್ಟಿಯೂ ಒಂದರಂತೆ ಇನ್ನೊಂದಿಲ್ಲವೆಂದು ಹೆಸರಾದ ಕಂಬಗಳ ಕಡೆಗೂ, ಮೂರಂತಸ್ತಿನ ಇಳಿಜಾರು ಮಾಡಿನ ಕಡೆಗೂ, ಗರ್ಭಗೃಹದ ಲೋಹದ ಪ್ರತಿಮೆಯ ಕಡೆಗೂ ಏರಿ ಹೋಗುವುದರಿಂದ, ಮೂಲ ಬಸದಿಯ ಮುಂದೆ ಅದೇ ಶತಮಾನದಲ್ಲಿ ಸೇರಿಸಲ್ಪಟ್ಟ ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಬಾಗಿ ನೋಡುವ ತಾಳ್ಮೆ ಬಹುಮಂದಿಗೆ ಇರುವುದಿಲ್ಲ. ಹಾಗೆ ಬಾಗಿದವರಿಗೆ ಅಲ್ಲಿ ನೀಳವಾದ ಕೊರಳಿನ ಒಂದು ಜಿರಾಫೆಯೂ ಚೀನಾ ದೇಶದ ರೀತಿಯ ಒಂದು ಡ್ರ್ಯಾಗನ್ನೂ ಕಾಣಸಿಗುತ್ತವೆ. ಬಸದಿಯ ಉಳಿದ ಪ್ರಾಣಿಲೋಕದಲ್ಲಿ ಇವೆರಡಕ್ಕೂ ಕುಲಬಾಂಧವರಿಲ್ಲ. ಜೈನ ಶಿಲ್ಪಿಗೆ ಮೃಗಗಳ ಪರಿಚಯಕ್ಕೆ ಕೊರತೆಯಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ವೃಷಭ, ಗಜ, ಅಶ್ವ, ಕಪಿಗಳಿಂದ ಹಿಡಿದು ಖಡ್ಗಮೃಗ, ಮಹಿಷ, ವರಾಹ, ಹರಿಣಗಳವರೆಗೆ ತೀರ್ಥಂಕರರ ಲಾಂಛನಗಳಲ್ಲಿಯೇ ಅರೆವಾಸಿ ಅರಣ್ಯವು ಅಡಗಿದೆ. ಆದರೆ ಜಿರಾಫೆಯು ಯಾವ ತೀರ್ಥಂಕರನ ಲಾಂಛನವೂ ಅಲ್ಲ, ಯಾವ ಯಕ್ಷಿಯ ವಾಹನವೂ ಅಲ್ಲ. ಶಾಸ್ತ್ರದ ಯಾವ ಅಪ್ಪಣೆಯೂ ಇಲ್ಲದೆ ಅದು ಅಲ್ಲಿಗೆ ಬಂದಿರುವುದು, ಬಹುಶಃ ಮೆಣಸಿನ ಮೂಟೆಯು ಹೊರಟ ದಾರಿಯಲ್ಲಿಯೇ ಹಿಂದಿರುಗಿ.

ಆ ದಾರಿ ಹಳೆಯದು. ಹನ್ನೆರಡನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ಅನೇಕ ವರ್ಷ ನೆಲೆಸಿ, ಏಡನ್ನಿನ ಮಿತ್ರರೊಡನೆ ಪತ್ರವ್ಯವಹಾರವಿಟ್ಟುಕೊಂಡು, ಮೆಣಸು, ಅಡಕೆ, ಕಬ್ಬಿಣಗಳನ್ನು ಸಾಗಿಸುತ್ತಿದ್ದನು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಇದೇ ಬಂದರನ್ನು ಹೊಕ್ಕು, ಪಾರಸಿಕ ದೇಶದ ಮತ್ತು ಯೆಮೆನ್ನಿನ ವರ್ತಕರು ಹೆಚ್ಚಾಗಿ ಇಳಿಯುವ ಸ್ಥಳವಿದೆಂದೂ, ಮೆಣಸು ಶುಂಠಿಗಳು ಇಲ್ಲಿ ಸಮೃದ್ಧವೆಂದೂ ಬರೆದಿಟ್ಟನು. ಬಸದಿಯು ನಿಂತು ಹದಿಮೂರು ವರ್ಷಗಳಾಗುವಷ್ಟರಲ್ಲಿ, 1443ರಲ್ಲಿ, ಹೆರಾತಿನ ಷಾ ರುಖನ ರಾಯಭಾರಿಯಾದ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹೊರಟು ಮಂಗಳೂರಿನಲ್ಲಿಳಿದು, ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಮೂಡುಬಿದಿರೆಯ ಸೆಟ್ಟರು ಬಸದಿಗಳಿಗೆ ಸುರಿದ ಹಣದಲ್ಲಿ ಈ ಸಮುದ್ರದ ಪಾಲು ಎಷ್ಟೆಂದು ಲೆಕ್ಕಹಾಕುವುದು ಸಾಧ್ಯವಾಗದಿದ್ದರೂ, ಅದು ಅಲ್ಪವಾಗಿತ್ತೆಂದು ಯಾರೂ ಹೇಳಲಾರರು.

ಇನ್ನು ಜಿರಾಫೆಯ ಪ್ರಯಾಣವನ್ನು ಕುರಿತು. ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಈ ಮೃಗಕ್ಕೆ ಅರಸರ ಆಸ್ಥಾನಗಳಲ್ಲಿ ದೊರೆತಷ್ಟು ಸಂಚಾರಭಾಗ್ಯವು ಮತ್ತಾವ ಮೃಗಕ್ಕೂ ದೊರೆಯಲಿಲ್ಲ. 1404ರಲ್ಲಿ ಈಜಿಪ್ಟಿನ ಸುಲ್ತಾನನು ತೈಮೂರನಿಗೆ ಕಳುಹಿಸಿದ್ದ ಜಿರಾಫೆಯೊಂದನ್ನು ಸ್ಪೇನಿನ ರಾಯಭಾರಿ ಕ್ಲಾವಿಹೋ ಹಾದಿಯಲ್ಲಿ ಕಂಡು ವರ್ಣಿಸಿದ್ದಾನೆ. 1414ರಲ್ಲಿ ಬಂಗಾಳದ ಸುಲ್ತಾನನು ಚೀನಾದ ಯೊಂಗ್ಲೆ ಚಕ್ರವರ್ತಿಗೆ ಒಂದನ್ನು ಕಾಣಿಕೆಯಾಗಿ ಕಳುಹಿಸಿದನು. ಮರುವರ್ಷವೇ ಪೂರ್ವ ಆಫ್ರಿಕಾದ ಮಲಿಂದಿಯಿಂದ ಇನ್ನೊಂದು ಹೋಯಿತು. ಧರ್ಮಿಷ್ಠನಾದ ದೊರೆಯ ಆಳ್ವಿಕೆಯಲ್ಲಿ ಮಾತ್ರ ಪ್ರತ್ಯಕ್ಷವಾಗುವುದೆಂದು ಚೀನೀಯರು ನಂಬಿದ್ದ ‘ಚೀಲಿನ್’ ಎಂಬ ಮಂಗಳಮೃಗವೇ ಇದೆಂದು ಆಸ್ಥಾನಿಕರು ಸಾರಿದರು, ಆಸ್ಥಾನಪಂಡಿತ ಷೆನ್ ತೂ ಪ್ರಶಸ್ತಿಯನ್ನು ಬರೆದನು, ಚಿತ್ರವೂ ಸಿದ್ಧವಾಯಿತು. ಮೂಲಪ್ರಾಣಿಯು ಒಂದೇ ಆಸ್ಥಾನದಲ್ಲಿ ಕಟ್ಟುಬಿದ್ದು ಸತ್ತರೂ, ಆ ಚಿತ್ರದ ಪ್ರತಿಗಳೂ ಪ್ರತಿಗಳ ಪ್ರತಿಗಳೂ ಉಳಿದುಬಂದವು. ಅದೇ ಚೀನೀಯರ ನೌಕಾಸೈನ್ಯವು ಚೆಂಗ್ ಹೋನ ನಾಯಕತ್ವದಲ್ಲಿ 1405ರಿಂದ 1433ರವರೆಗೆ ಏಳು ಸಲ ಈ ಸಮುದ್ರಗಳಲ್ಲಿ ಸಂಚರಿಸಿ, ಕಲ್ಲಿಕೋಟೆ ಕೊಚ್ಚಿಗಳಲ್ಲಿ ತಂಗಿ ಹೋಗುತ್ತಿತ್ತೆಂಬುದನ್ನು ನೆನೆದರೆ, ಮೂಡುಬಿದಿರೆಯ ಒಂದೇ ಅಧಿಷ್ಠಾನದಲ್ಲಿ ಜಿರಾಫೆ ಮತ್ತು ಡ್ರ್ಯಾಗನ್ನುಗಳೆರಡೂ ಸೇರಿರುವುದು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವುದು ನನಗೆ ಕಷ್ಟವಾಗಿ ತೋರುತ್ತದೆ. ಶಿಲ್ಪಿಯು ಜೀವಂತ ಜಿರಾಫೆಯನ್ನು ಕಂಡಿರಬೇಕೆಂದು ನಾನು ಹೇಳುವುದಿಲ್ಲ. ನಾವಿಕನೊಬ್ಬನ ಬಾಯಿಮಾತೋ, ರೇಷ್ಮೆಯ ಮೇಲಿನ ಚಿತ್ತಾರವೋ, ಪಿಂಗಾಣಿಯ ಬಣ್ಣವೋ ಅವನಿಗೆ ಸಾಕಾಗಿರಬಹುದು. ನನ್ನ ಊಹೆಯು ನಿಜವಾದರೆ, ಮೂಡುಬಿದಿರೆಯ ಜಿರಾಫೆಯೇ ಒಂದು ಪ್ರತಿ. ನನ್ನ ಸ್ನೇಹಿತರು ಕೊಳ್ಳಲು ಹೊರಟ ಅಗ್ಗದ ಚಿತ್ರದ ಪೂರ್ವಜನೆಂದೇ ಅದನ್ನು ಕರೆಯಬಹುದು.

ಕಾಣದ ಮೃಗದ ಚಿತ್ರವನ್ನು ಬರೆಯುವುದೂ, ಅದನ್ನು ಜನರು ಕೊಂಡು ಗೋಡೆಗೆ ಹಚ್ಚುವುದೂ ಎದುರು ದಿಕ್ಕಿನಲ್ಲಿಯೂ ನಡೆದಿದೆ. 1515ರ ಆರಂಭದಲ್ಲಿ ಗೋವೆಯಿಂದ ಹಡಗೇರಿದ ಗುಜರಾತಿನ ಖಡ್ಗಮೃಗವೊಂದು ಆ ವರ್ಷದ ಮೇ ತಿಂಗಳಲ್ಲಿ ಲಿಸ್ಬನ್ ಸೇರಿತು. ಜರ್ಮನಿಯ ಡ್ಯೂರರನು ಅದನ್ನು ಕಣ್ಣಾರೆ ಕಾಣಲಿಲ್ಲ. ಒಂದು ಪತ್ರದ ವರ್ಣನೆಯನ್ನೂ ಯಾರೋ ಗೀಚಿದ ರೇಖೆಗಳನ್ನೂ ಆಧರಿಸಿ ಮರದಚ್ಚನ್ನು ಕೊರೆದು, ಮೈಗೆ ಕವಚವನ್ನು ತೊಡಿಸಿ, ಹೆಗಲ ಮೇಲೆ ಇಲ್ಲದ ಕೋಡೊಂದನ್ನು ನೆಟ್ಟನು. ಆ ತಪ್ಪು ಕೋಡಿನೊಂದಿಗೆ ಅಚ್ಚು ಸಾವಿರಗಟ್ಟಲೆ ಮಾರಾಟವಾಗಿ, ಎರಡು ಶತಮಾನಗಳ ಕಾಲ ಯೂರೋಪಿನವರಿಗೆ ನಮ್ಮ ಖಡ್ಗಮೃಗವೆಂದರೆ ಅದೇ ಆಯಿತು. ಇದಕ್ಕೆ ಪ್ರತಿಯಾಗಿ ಜಹಾಂಗೀರನ ದರ್ಬಾರಿಗೆ 1621ರಲ್ಲಿ ಅಬಿಸೀನಿಯಾದ ಜೀಬ್ರಾ ಬಂದಾಗ, ಪಟ್ಟೆಗಳನ್ನು ಯಾರೋ ಬಳಿದಿರಬೇಕೆಂದು ಸಂಶಯಪಟ್ಟವರಿದ್ದರು. ಬಾದಷಹನು ಪರೀಕ್ಷಿಸಿ, ಅದು ವಿಧಾತನ ಕುಂಚವೇ ಎಂದು ಒಪ್ಪಿಕೊಂಡು, ಉಸ್ತಾದ್ ಮನ್ಸೂರನ ಕೈಯಿಂದ ಚಿತ್ರವನ್ನು ಬರೆಯಿಸಿದನು. ಆ ಚಿತ್ರದಲ್ಲಿ ಒಂದು ರೋಮವೂ ಹೆಚ್ಚಿಲ್ಲ, ಕಡಮೆಯಿಲ್ಲ. ಆದರೆ ಅದನ್ನು ನೋಡಿದವರು ಎಷ್ಟು ಮಂದಿ? ನಿಜವಾದ ಚಿತ್ರವು ಅರಮನೆಯ ಸಂಪುಟದಲ್ಲಿ ಉಳಿಯಿತು. ತಪ್ಪು ಚಿತ್ರವು ಅಗ್ಗದ ಬೆಲೆಗೆ ಬೀದಿಬೀದಿಗೆ ಹೋಯಿತು. ಅಗ್ಗದ ಚಿತ್ರವನ್ನು ಆರಿಸುವವರು ಡ್ಯೂರರನ ಆ ಕೋಡನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ಅಗ್ಗದ ಅಚ್ಚು ಕಾಣಿಸಿಕೊಂಡದ್ದು ಕಲ್ಲಿನಿಂದಲೇ. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟದ್ದೂ ಹೀಗೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿಯೇ. ಮೂಡುಬಿದಿರೆಯ ಶಿಲೆಯು ಒಂದು ಜಿರಾಫೆಯನ್ನು ಕೊಟ್ಟು ಸುಮ್ಮನಾಯಿತು. ಮುದ್ರಣಾಲಯದ ಶಿಲೆಯು ಒಂದೇ ರೂಪವನ್ನು ಸಾವಿರ ಸಲ ಕೊಡಬಲ್ಲುದಾಗಿತ್ತು. ಬಣ್ಣಬಣ್ಣಕ್ಕೂ ಬೇರೆ ಬೇರೆ ಕಲ್ಲುಗಳನ್ನು ಒತ್ತಿ ತೈಲಚಿತ್ರದ ಭ್ರಮೆಯನ್ನು ಹುಟ್ಟಿಸುವ ವಿದ್ಯೆಯನ್ನು ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯವು ಮನೆಮನೆಗೆ ತಂದಿತು. ಅರಸರು ಮಾತ್ರ ಬರೆಯಿಸಬಲ್ಲವರಾಗಿದ್ದ ಲಕ್ಷ್ಮೀ ಸರಸ್ವತಿಯರು ಅಂದಿನಿಂದ ಗುಮಾಸ್ತನ ಗೋಡೆಗೂ ಬಂದರು. ಅವರ ಹಿಂದೆಯೇ ಆನೆ, ನವಿಲು, ಹಂಸಗಳು ಪರಿವಾರದ ನೆಪದಲ್ಲಿ ಬಂದವು. ದೇವರ ಜೊತೆಯಿಲ್ಲದೆ ಮೃಗವೊಂದೇ ಗೋಡೆಯೇರುವುದಕ್ಕೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಪ್ರಸಂಗವಶಾತ್ ಇನ್ನೊಂದು ಮಾತು: ಮಿಷನ್ನಿನ ಮುದ್ರಣಾಲಯದಲ್ಲಿ ದುಡಿದ ಪ್ಲೆಬ್ಸ್ಟ್ ಎಂಬ ಜರ್ಮನನೇ 1865ರಲ್ಲಿ ಮಂಗಳೂರಿನ ಜಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದವನು, ಮತ್ತು ಮಂಗಳೂರಿನ ಹಂಚುಗಳು ಮುಂದೆ ಪೂರ್ವ ಆಫ್ರಿಕಾದವರೆಗೂ ಹಡಗೇರಿ ಹೋದವು. ಜಿರಾಫೆಯ ನಾಡಿನ ಮನೆಗಳಿಗೆ ನಾವು ಮಾಡನ್ನು ಕೊಟ್ಟ ಮೇಲೆ, ನಮ್ಮ ಮಾಡಿನ ಕೆಳಗೆ ಜಿರಾಫೆಗೆ ಮೊಳೆಯೊಂದನ್ನು ಹೊಡೆಯುವುದಕ್ಕೆ ಸಂಕೋಚಪಡಬೇಕಾದ್ದಿಲ್ಲ.

ಇಂದು ಅಗ್ಗವಾಗಿ ಸಿಕ್ಕುವ ಆಫ್ರಿಕಾದ ಮೃಗಚಿತ್ರಗಳಲ್ಲಿ ಎರಡು ವಂಶಗಳನ್ನು ಬೇರ್ಪಡಿಸಿ ನೋಡಬಹುದು. ಒಂದು, ಇಂಗ್ಲೆಂಡಿನ ಡೇವಿಡ್ ಷೆಪರ್ಡನಂತಹವರದು. ವಿಮಾನಗಳ ಚಿತ್ರ ಬರೆಯುತ್ತಿದ್ದ ಆತನು 1960ರಲ್ಲಿ ಕೀನ್ಯಾದಲ್ಲಿದ್ದಾಗ, ವಾಯುಪಡೆಯವರು ತಮಗೆ ವಿಮಾನದ ಚಿತ್ರ ಬೇಡ, ಕಾಡುಮೃಗದ ಚಿತ್ರ ಬೇಕೆಂದುದರಿಂದ ಆ ಮಾರ್ಗವನ್ನು ಹಿಡಿದನು. ವಿಷ ಬೆರೆಸಿದ ನೀರಿನ ಹೊಂಡದ ಸುತ್ತ ಸತ್ತುಬಿದ್ದ ಜೀಬ್ರಾಗಳನ್ನು ಕಂಡು ವನ್ಯಸಂರಕ್ಷಣೆಗೆ ತನ್ನ ಕುಂಚವನ್ನು ಮೀಸಲಿಟ್ಟನು. ಆತನ ಆನೆಗಳ ಅಚ್ಚುಗಳು ಇಂಗ್ಲೆಂಡಿನ ಸಾಮಾನ್ಯರ ಮನೆಗಳಲ್ಲಿ ತುಂಬಿಹೋದವು. ಧೂಳು, ಸುಕ್ಕು, ಸಂಜೆಯ ಬಿಸಿಲು, ಎಲ್ಲವೂ ಇದ್ದಂತೆಯೇ ಇರಬೇಕೆಂಬುದು ಈ ವಂಶದ ಧರ್ಮ. ಎರಡನೆಯದು ಆಫ್ರಿಕಾದವರದೇ. 1968ರ ಸುಮಾರಿಗೆ ದಾರೆಸ್ಸಲಾಮಿನಲ್ಲಿ ಎಡ್ವರ್ಡ್ ಸೈದಿ ಟಿಂಗಟಿಂಗ ಎಂಬ ಬಡವನು ಚೌಕಾಕಾರದ ಹಾರ್ಡ್‌ಬೋರ್ಡಿನ ತುಂಡುಗಳ ಮೇಲೆ ಸೈಕಲ್ಲಿಗೆ ಬಳಿಯುವ ಬಣ್ಣದಿಂದ ಆನೆ, ಚಿರತೆ, ಹಕ್ಕಿಗಳನ್ನು ಬರೆದು, ಬೀದಿಬದಿಯಲ್ಲಿ ಪ್ರವಾಸಿಗಳಿಗೆ ಮಾರತೊಡಗಿದನು. ಅವನು 1972ರಲ್ಲಿ ಪೋಲೀಸರ ತಪ್ಪು ಗುಂಡಿಗೆ ಬಲಿಯಾದರೂ, ಅವನ ಬಂಧುಗಳೂ ಶಿಷ್ಯರೂ ಆ ಶೈಲಿಯನ್ನು ಬಿಡದೆ, ಮುಂದೆ ಸಹಕಾರಿ ಸಂಘವೊಂದನ್ನೂ ಕಟ್ಟಿಕೊಂಡರು. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಜಿಲ್ಲೆಯವರಾದ ನಮಗೆ ಈ ಸಂಗತಿಯು ವಿಶೇಷವಾಗಿ ಹಿಡಿಸುವಂತಹುದು. ಗಟ್ಟಿಯಾದ ರೇಖೆ, ತುಂಬಿದ ಬಣ್ಣ, ಅಂಗಾಂಗಗಳ ಸ್ವಚ್ಛಂದ ಅಳತೆ: ಅವರ ಚಿರತೆಯನ್ನು ನೋಡಿದಾಗ ಅಷ್ಟಮಿಯ ಬೀದಿಯಲ್ಲಿ ಕುಣಿಯುವ ನಮ್ಮ ಹುಲಿವೇಷದ ಬಣ್ಣಗಾರಿಕೆಯ ನೆನಪಾಗದೆ ಇರದು. ನನ್ನ ಮನಸ್ಸು ಈ ಎರಡನೆಯ ವಂಶದ ಕಡೆಗೇ ವಾಲುತ್ತದೆಂದು ಒಪ್ಪಿಕೊಳ್ಳುತ್ತೇನೆ. ಕಾಡನ್ನು ಬಲ್ಲವನು ಬರೆದ ಅತಿಶಯೋಕ್ತಿಯು, ಅನಾಮಧೇಯ ಯಂತ್ರವು ಹೊರಚೆಲ್ಲುವ ನುಣುಪಾದ ಸಿಂಹಮುಖಕ್ಕಿಂತ ಎಷ್ಟೋ ಮೇಲು.

ಸಿಂಹಮುಖದ ಮಾತು ಬಂದುದರಿಂದ ಹೇಳುತ್ತೇನೆ. ಅಂಗಡಿಗಳಲ್ಲಿ ಮೊದಲು ಕೈಗೆ ಬರುವುದೇ ಗರ್ಜಿಸುವ ಸಿಂಹ. ತೆರಿಗೆಯ ನೋಟೀಸನ್ನು ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕುಳಿತವನ ಎದುರಿಗೆ ಅದನ್ನು ತೂಗುಹಾಕುವುದು ದಯೆಯ ಲಕ್ಷಣವಲ್ಲ. ಕಾಯುವವರ ಎದುರಿಗೆ ಮೇಯುವ ಮೃಗವು ಲೇಸು. ಚಿತ್ರದ ಕೆಳಗೆ ಕಲಾವಿದನ ಹೆಸರಿರಬೇಕು. ಹೆಸರಿಲ್ಲದ ಚಿತ್ರಕ್ಕೆ ಅಗ್ಗದ ಬೆಲೆಯೂ ದುಬಾರಿ. ಇನ್ನು ನಮ್ಮ ಹವೆಯ ವಿಚಾರ: ವರ್ಷಕ್ಕೆ 4000 ಮಿಲ್ಲಿಮೀಟರಿನ ಸಮೀಪ ಮಳೆ ಸುರಿಯುವ ನಾಡಿನಲ್ಲಿ, ಮುರಕಲ್ಲಿನ ಗೋಡೆಯು ಆಟಿ ತಿಂಗಳಲ್ಲಿ ಬೆವರುವಾಗ, ಚಿತ್ರಕ್ಕೆ ಕೊಟ್ಟ ಹಣಕ್ಕಿಂತ ಕಟ್ಟಿಗೆ ಕೊಡುವ ಹಣವೇ ಹೆಚ್ಚಾಗಬಹುದು, ಮತ್ತು ಹಾಗಾಗುವುದೇ ಸರಿ. ಕಾಗದವು ಗಾಜಿಗೆ ಅಂಟದಂತೆ ನಡುವೆ ರಟ್ಟಿನ ಅಂಚು, ಕಟ್ಟು ಗೋಡೆಗೆ ತಾಗದಂತೆ ಹಿಂದುಗಡೆ ನಾಲ್ಕು ಮೂಲೆಗಳಲ್ಲಿ ಬಿರಡೆಯ ತುಂಡು, ಪಡುವಣ ಬಿಸಿಲು ಬೀಳದ ಜಾಗ: ಇಷ್ಟನ್ನು ನೋಡಿಕೊಂಡರೆ ಬೂಷ್ಟಿನಿಂದ ಬಹುಮಟ್ಟಿಗೆ ಪಾರಾಗಬಹುದು. ಬಣ್ಣದ ಅಚ್ಚಿಗಿಂತ ಕಪ್ಪುಬಿಳುಪಿನದು ಬೆಲೆಯಲ್ಲಿಯೂ ಕಡಮೆ, ಮಾಸಿದರೆ ಎದ್ದು ಕಾಣುವುದೂ ಕಡಮೆ.

ಇಷ್ಟನ್ನೆಲ್ಲ ಕೇಳಿದ ಸ್ನೇಹಿತರು, ಟಿಂಗಟಿಂಗರ ಚಿರತೆಯ ಅಚ್ಚೊಂದನ್ನು ತರಿಸುವುದಕ್ಕೆ ಒಪ್ಪಿ, ಎರಡನೆಯ ಗೋಡೆಗೆ ಏನೆಂದು ಕೇಳಿದರು. ಭೈರಾದೇವಿ ಮಂಟಪದ ಜಿರಾಫೆಯನ್ನು, ಉಬ್ಬುಗೆತ್ತನೆ ತೋರುವಂತೆ ಓರೆಬೆಳಕಿನಲ್ಲಿ ಬಲ್ಲವರಿಂದ ಫೋಟೋ ತೆಗೆಯಿಸಿ, ಕಪ್ಪುಬಿಳುಪಿನಲ್ಲಿ ದೊಡ್ಡದು ಮಾಡಿಸಬಾರದೇಕೆ ಎಂದೆನು. ಆಕ್ಷೇಪಿಸಿದ್ದವರೂ ಇದಕ್ಕೆ ಸುಮ್ಮನಾದರು. ಜೊತೆಯ ಡ್ರ್ಯಾಗನ್ನನ್ನೂ ಸೇರಿಸೋಣವೇ ಎಂಬ ವಿಚಾರವು ಬಂದಾಗ ಮಾತ್ರ, ಬಂದ ಕಕ್ಷಿಗಾರರಿಗೆಲ್ಲ ಅದೇನೆಂದು ವಿವರಿಸುವ ಕೆಲಸವು ತಮ್ಮ ಗುಮಾಸ್ತರ ತಲೆಗೇ ಬರುವುದೆಂದು ಸ್ನೇಹಿತರು ಹೇಳಿದ್ದರಿಂದ, ಆ ಖರ್ಚನ್ನು ಮುಂದಿನ ವರ್ಷದ ಲೆಕ್ಕಕ್ಕೆ ಬಿಟ್ಟೆವು.