ಗೋಲಂದಾಜರ ಬೆಳ್ಳಿ ಪದಕ

ಕಲಬುರಗಿಯ ಸೀಮೆಯೆಲ್ಲವೂ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಆತನ ದ್ರವ್ಯದಿಂದ ಪೋಷಿತವಾಗಿಯೂ ಆಂಗ್ಲ ಅಧಿಕಾರಿಗಳ ಆಜ್ಞೆಗೆ ಅಧೀನವಾಗಿದ್ದ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಸೈನ್ಯದ ಒಂದು ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿತ್ತು. 1853ರ ಒಪ್ಪಂದದಂತೆ ಈ ಸೈನ್ಯದ ವೆಚ್ಚಕ್ಕಾಗಿ ಬೇರಾರ್ ಪ್ರಾಂತವನ್ನೇ ನಿಜಾಮನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೊಪ್ಪಿಸಬೇಕಾಯಿತು. ಈ ಸೈನ್ಯದ ಗೋಲಂದಾಜರು, ಎಂದರೆ ತೋಪು ಹಾರಿಸುವ ದೇಶೀಯ ಸಿಪಾಯಿಗಳು, 1858ರಲ್ಲಿ, ಹಿಂದಿನ ವರ್ಷ ಎದ್ದ ಸಿಪಾಯಿದಂಗೆಯನ್ನು ಅಡಗಿಸಲು ಹೊರಟ ಆಂಗ್ಲ ಸೇನಾನಿ ಸರ್ ಹ್ಯೂ ರೋಸನ ದಂಡಿನೊಡನೆ ಉರಿಬಿಸಿಲಿನಲ್ಲಿ ಮಧ್ಯಭಾರತದ ರಣಭೂಮಿಗಳನ್ನು ತುಳಿದರು. ಝಾನ್ಸಿ, ಕಾಲ್ಪಿ, ಗ್ವಾಲಿಯರುಗಳ ಆ ದಂಡಯಾತ್ರೆಗಾಗಿ ದೊರೆತ ಬೆಳ್ಳಿಯ ಪದಕದ ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿಯ ಶಿರಸ್ಸು, ಇನ್ನೊಂದರಲ್ಲಿ ಸಿಂಹಸಮೇತಳಾದ ಬ್ರಿಟಾನಿಯಾ. ಎರಡು ಕೆಂಪು ಪಟ್ಟೆಗಳುಳ್ಳ ಬಿಳಿಯ ರಿಬ್ಬನ್ನಿನ ಮೇಲೆ ‘ಸೆಂಟ್ರಲ್ ಇಂಡಿಯಾ’ ಎಂಬ ಅಕ್ಷರಗಳ ಅಡ್ಡಪಟ್ಟಿ. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಸುರಪುರದ ಅರಸ ವೆಂಕಟಪ್ಪನಾಯಕನು ಅದೇ ಆಂಗ್ಲರನ್ನು ಎದುರಿಸಿ ನಿಂತಿದ್ದನೆಂಬುದನ್ನು ನೆನೆದಾಗ, ಆ ಗೌರವವನ್ನು ನೋವಿಲ್ಲದೆ ಕೊಂಡಾಡುವುದು ನನಗೆ ಸಾಧ್ಯವಾಗದು. ಆದರೂ ಆ ಸಿಪಾಯಿಗಳ ಶ್ರಮವನ್ನು ಅಲ್ಲಗಳೆಯಲಾರೆ. ದಂಗೆಯ ತರುವಾಯ ದೇಶೀಯರ ಕೈಯಿಂದ ತೋಪುಗಳನ್ನು ಬಹುಮಟ್ಟಿಗೆ ಕಿತ್ತುಕೊಂಡ ಸರಕಾರವು ಈ ಕಂಟಿಂಜೆಂಟಿನ ನಾಲ್ಕು ಬ್ಯಾಟರಿಗಳನ್ನು, ಎಂದರೆ ತೋಪಿನ ದಳಗಳನ್ನು, ಉಳಿಸಿತು. 1903ರಲ್ಲಿ ಸೈನ್ಯವು ಭಾರತೀಯ ಸೇನೆಯಲ್ಲಿ ವಿಲೀನವಾದಾಗ ಅವೂ ವಿಸರ್ಜಿತವಾದುವು.