ಕೇಳುಗರ ಕಾರ್ಡಿಗೆ ಮಣಿದ ಆಕಾಶವಾಣಿ

ಯಾವ ಹಾಡು ಚೆನ್ನ ಎಂದು ತೀರ್ಮಾನಿಸಬೇಕಾದವರು ಯಾರು, ಸರ್ಕಾರವೋ ಕೇಳುಗರೋ? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಎದ್ದದ್ದು 1952ರಲ್ಲಿ. ಆ ವರ್ಷ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಪಕ್ಷಪಾತಿ. ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಕೇಳುಗರು ರೇಡಿಯೊದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಅದೇ ವರ್ಷ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ನಿರೂಪಣೆಯ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು.

ಮುಂದೆ ಅದರಲ್ಲಿ ಹಾಡುಗಳಿಗೆ ಸ್ಥಾನ ನೀಡುವ ಪದ್ಧತಿ ಬಂತು. ಆಧಾರ, ರೆಕಾರ್ಡುಗಳ ಮಾರಾಟ. ಆದರೆ ಅಂಗಡಿಯಲ್ಲಿ ರೆಕಾರ್ಡು ಮುಗಿದುಹೋದರೆ ಜನ ಮೆಚ್ಚಿದ ಹಾಡೂ ಹಿಂದೆ ಬೀಳುತ್ತಿತ್ತು. ಆದ್ದರಿಂದ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಪರಿಗಣಿಸಲಾಯಿತು. ನೆಚ್ಚಿನ ಹಾಡು ಸೂಚಿಸಲು ಅಂಚೆ ಕಾರ್ಡೊಂದೇ ಸಾಕು. ಇಂದಿನ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಕಾಗೆಬಂಗಾರದ ವ್ಯಾಪಾರದ ಊರು. ದೇಶಕ್ಕೆಲ್ಲ ಅದರ ಪರಿಚಯವಾದದ್ದು ರೇಡಿಯೊಗೆ ಬರೆದ ಕೋರಿಕೆ ಪತ್ರಗಳಿಂದ.

1957ರ ಅಕ್ಟೋಬರ್ 3ರಂದು ಆಕಾಶವಾಣಿ ‘ವಿವಿಧ ಭಾರತಿ’ಯನ್ನು ಆರಂಭಿಸಿ ಚಿತ್ರಗೀತೆಗೆ ಮತ್ತೆ ಬಾಗಿಲು ತೆರೆಯಿತು. ಆಗಲೂ ಕೇಸ್ಕರರೇ ಸಚಿವರು! 1989ರಲ್ಲಿ ಗೀತ್‌ಮಾಲಾ ಕೂಡ ವಿವಿಧ ಭಾರತಿಗೇ ಬಂತು. ಕೇಳುಗರ ಮಾತು ನಡೆಯಿತು.